ರೆಕ್ಕೆಯ ಬಣ್ಣ, ಬಾಲದ ಗುರುತು

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ‘ಮಾರುತ’ ಯುದ್ಧವಿಮಾನವನ್ನು ಕಂಡು ಹೆಮ್ಮೆಪಡದೆ ಮರಳುವ ಕನ್ನಡಿಗರು ವಿರಳ. 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ಧೀರ ವೈಮಾನಿಕರು ಅದನ್ನು ಮೊದಲ ಬಾರಿಗೆ ಆಗಸಕ್ಕೇರಿಸಿದರು. ತಕ್ಕ ಎಂಜಿನ್ ದೊರೆಯದ ಕಾರಣ ಶಬ್ದವೇಗವನ್ನು ಮೀರುವ ಸಂಕಲ್ಪವು ಕೈಗೂಡದೆ ಹೋದರೂ, 1971ರ ಯುದ್ಧದಲ್ಲಿ ಪಶ್ಚಿಮದ ಮರುಭೂಮಿಯ ಮೇಲೆ ಅದು ತನ್ನ ಕರ್ತವ್ಯವನ್ನು ನೆರವೇರಿಸಿತು. ಅದರ ರೂಪವನ್ನು ಕಲ್ಪಿಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್. 1956ರಲ್ಲಿ ನಮ್ಮ ಸರ್ಕಾರದ ಆಮಂತ್ರಣದ ಮೇರೆಗೆ ಭಾರತಕ್ಕೆ ಬಂದ ಈ ತಜ್ಞರು ಅದಕ್ಕೆ ಮುನ್ನ ಹಿಟ್ಲರನ ವಾಯುಸೇನೆಗಾಗಿ ಫೋಕೆ-ವುಲ್ಫ್ 190 ಎಂಬ ಭಯಂಕರ ಕಾದಾಟದ ವಿಮಾನವನ್ನು ನಿರ್ಮಿಸಿಕೊಟ್ಟವರು. ನಮ್ಮ ಬರೆಹಗಳು ‘ಸುಪ್ರಸಿದ್ಧ ಜರ್ಮನ್ ವಿನ್ಯಾಸಕಾರ’ ಎಂದು ಅವರನ್ನು ಮೂರು ಪದಗಳಲ್ಲಿ ಮುಗಿಸಿ ಮುಂದೆ ಸಾಗುತ್ತವೆ.

ಆ ಫೋಕೆ-ವುಲ್ಫ್ ಈಗ ರಟ್ಟಿನ ಪೆಟ್ಟಿಗೆಯೊಳಗೆ, ಮೂಲಗಾತ್ರದ ಎಪ್ಪತ್ತೆರಡನೆಯ ಒಂದು ಪಾಲಿನ ಪ್ಲಾಸ್ಟಿಕ್ ತುಣುಕುಗಳಾಗಿ, ಕೊರಿಯರಿನವನ ಚೀಲದಲ್ಲಿ ನವಲಗುಂದ ಕುಂದಗೋಳಗಳಂಥ ಊರುಗಳಿಗೂ ಬಂದಿಳಿಯಬಲ್ಲದು. ಈ ಹವ್ಯಾಸಕ್ಕೆ ಮರುಳಾದವರಲ್ಲಿ ನಾನೂ ಒಬ್ಬನಾದ್ದರಿಂದ ಅದರ ಆಕರ್ಷಣೆಯನ್ನು ಅಲ್ಲಗಳೆಯುವ ಕಪಟ ನನಗೆ ಸಲ್ಲದು. ಮೊದಲ ಮಹಾಯುದ್ಧದಲ್ಲಿ ಅಶ್ವದಳದ ಅನುಭವವಿದ್ದ ಟ್ಯಾಂಕ್, ಪಂದ್ಯದ ಕುದುರೆಯಂಥ ಸುಕುಮಾರ ಯಂತ್ರವನ್ನು ಒಲ್ಲದೆ, ಕೆಸರಿನ ಮೈದಾನದಲ್ಲಿ ಅರೆಕಲಿತ ಕೈಗಳು ರಿಪೇರಿ ಮಾಡಿದರೂ ಮತ್ತೆ ಎದ್ದು ಹಾರುವ ದಂಡಿನ ಕುದುರೆಯೊಂದನ್ನು ಬಯಸಿದ್ದರಂತೆ. ಆ ದಾರ್ಢ್ಯವೆಲ್ಲ ಅದರ ಅಗಲವಾದ ಮೂತಿಯಲ್ಲಿಯೂ, ಹೊರಚಾಚಿ ಊರಿದ ಚಕ್ರದ ಕಾಲುಗಳಲ್ಲಿಯೂ, ಒಂದಂಗುಲವೂ ವ್ಯರ್ಥವಾಗದ ಒಡಲಿನಲ್ಲಿಯೂ ಕಣ್ಣಿಗೆ ಕಟ್ಟುತ್ತದೆ. ತುಣುಕುಗಳನ್ನು ಬಿಡಿಸಿ, ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ, ಅಂಟು ಆರುವವರೆಗೆ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದು ಕುಳಿತಾಗ ಹೊತ್ತು ಹೋದದ್ದೇ ತಿಳಿಯದು.

ದೊಡ್ಡದನ್ನು ಕಿರಿದಾಗಿಸಿ ಅಂಗೈಯಲ್ಲಿ ಹಿಡಿಯುವ ಈ ಸುಖ ಎರೆನಾಡಿನವರಾದ ನಮಗೆ ಹೊಸತೇನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಯಂದು ಅಣ್ಣಿಗೇರಿಯ ಮನೆಗಳಲ್ಲಿ ಜೋಡೆತ್ತುಗಳೂ ಗ್ವಾದಲಿಯೂ ಹಸಿಮಣ್ಣಿನಲ್ಲಿ ಮೂಡಿ ಪೂಜೆಗೊಳ್ಳುತ್ತವೆ. ಆದರೆ ಆ ಎತ್ತಿನ ಕೋಡು ತಿದ್ದುವ ಹುಡುಗನಿಗೆ ಕೊಟ್ಟಿಗೆಯಲ್ಲಿರುವ ಎತ್ತಿನ ಹೆಗಲಿನ ಗಾಯವೂ ಗೊತ್ತು, ಅದಕ್ಕೆ ಮೇವು ಹಾಕುವವರು ಯಾರೆಂಬುದೂ ಗೊತ್ತು. ಪ್ಲಾಸ್ಟಿಕ್ಕಿನ ವಿಮಾನವನ್ನು ಕೂಡಿಸುವವನಾದರೋ ಮೂಲವನ್ನು ಎಂದೂ ಕಂಡವನಲ್ಲ. ಅದರ ಕೆಳಗೆ ಓಡಿದವರನ್ನಂತೂ ಮೊದಲೇ ಕಂಡವನಲ್ಲ. ಕಿರಿದಾಗುವಾಗ ಯಂತ್ರದೊಡನೆ ಮನುಷ್ಯನೂ ಕಿರಿದಾಗಬೇಕಿತ್ತು. ಇಲ್ಲಿ ಅವನು ಅಳಿದೇ ಹೋಗಿದ್ದಾನೆ.

ಈ ಹವ್ಯಾಸಿಗಳ ನಿಷ್ಠೆಯನ್ನು ನೋಡಿದರೆ ಬೆರಗಾಗುತ್ತದೆ. ಜರ್ಮನಿಯ ವಾಯುಯಾನ ಸಚಿವಾಲಯವು ಪ್ರತಿಯೊಂದು ಬಣ್ಣಕ್ಕೂ ಕ್ರಮಸಂಖ್ಯೆಯನ್ನು ಕೊಟ್ಟಿತ್ತು. ಆರ್‌ಎಲ್‌ಎಂ 74 ಹಸುರು ಬೆರೆತ ಬೂದಿಯೋ, 75ರಲ್ಲಿ ನೇರಳೆಯ ಛಾಯೆ ಎಷ್ಟು, ಹೊಟ್ಟೆಗೆ ಬಳಿದ 76ರ ತಿಳಿನೀಲಿಯು ಯುದ್ಧದ ಕೊನೆಯ ದಿನಗಳಲ್ಲಿ ಹೇಗೆ ಮಾರ್ಪಟ್ಟಿತು ಎಂದು ಗಂಟೆಗಟ್ಟಲೆ ವಾದಿಸುವವರುಂಟು. ವಾದಿಸಲಿ, ನಾನೂ ವಾದಿಸಿದ್ದೇನೆ. ಆದರೆ ಆ ಬಣ್ಣದ ಅಡಿಯ ತಗಡನ್ನು ಬಾಗಿಸಿದವರು ಯಾರು? ಆಸ್ಟ್ರಿಯದ ಗೂಸೆನ್ ಸೆರೆಶಿಬಿರದ ಬಂದಿಗಳನ್ನು 1944ರಿಂದ ಬೆಟ್ಟದೊಳಗೆ ಸುರಂಗ ಕೊರೆಯಲು ಅಟ್ಟಿ, ಆ ಸುರಂಗಗಳಲ್ಲಿಯೇ ಮೆಸ್ಸರ್‌ಶ್ಮಿಟ್ 262 ಎಂಬ ಜೆಟ್ ವಿಮಾನದ ಒಡಲುಗಳನ್ನು ಕಟ್ಟಿಸಲಾಯಿತು. ಹಸಿವು, ಹೊಡೆತ, ಧೂಳುಗಳಿಗೆ ಬಲಿಯಾದವರು ಸಹಸ್ರಾರು ಮಂದಿ. ಬರ್ಲಿನ್ ಸಮೀಪದ ಒರಾನಿಯೆನ್‌ಬುರ್ಗ್‌ನಲ್ಲಿ ಹೈಂಕೆಲ್ ಬಾಂಬುವಿಮಾನಗಳ ಕಾರ್ಖಾನೆಯು ಝಾಕ್ಸನ್‌ಹೌಸೆನ್ ಶಿಬಿರದ ಬಂದಿಗಳನ್ನು ದುಡಿಸಿಕೊಂಡಿತು. ಯಥಾರ್ಥತೆಯೇ ಈ ಕಲೆಯ ಧರ್ಮವೆಂದು ಸಾರುವವರು ಬಣ್ಣದ ಪದರಕ್ಕೆ ಬಂದು ನಿಂತುಬಿಡುವುದೇಕೆ ಎಂಬುದೇ ನನ್ನ ತಕರಾರು.

ಇನ್ನು ಬಾಲದ ಗುರುತಿನ ಮಾತು. ಜರ್ಮನಿಯಲ್ಲಿ ನಾಜಿ ಲಾಂಛನದ ಪ್ರದರ್ಶನವನ್ನು ಕಾನೂನು ನಿರ್ಬಂಧಿಸುವುದರಿಂದ ಕೆಲವು ತಯಾರಕರು ಅದನ್ನು ಅಂಟುಚಿತ್ರದ ಹಾಳೆಯಿಂದಲೇ ಬಿಡುತ್ತಾರೆ, ಮತ್ತೆ ಕೆಲವರು ಎರಡು ತುಂಡು ಮಾಡಿ ಮುದ್ರಿಸುತ್ತಾರೆ. ಕೂಡಿಸುವ ಹೊಣೆ ಹೀಗೆ ಮೇಜಿನ ಮುಂದೆ ಕುಳಿತವನ ಬೆರಳಿಗೆ ಬಂದು ಬೀಳುತ್ತದೆ. ಯುರೋಪಿನವನ ಕೈ ಅಲ್ಲಿ ಒಂದು ಕ್ಷಣವಾದರೂ ತಡೆದೀತು. ಹೊಸ್ತಿಲ ಮೇಲೆಯೂ, ದೀಪಾವಳಿಯಲ್ಲಿ ಪೂಜಿಸುವ ಲೆಕ್ಕದ ವಹಿಯ ಮೇಲೆಯೂ ಹುಟ್ಟಿದಂದಿನಿಂದ ಸ್ವಸ್ತಿಕವನ್ನು ಕಾಣುತ್ತ ಬಂದ ನಮ್ಮ ಕೈಗೆ ಅಂಥ ತಡೆಯಿಲ್ಲ, ಮಂಗಳಕರವಾದುದರ ಪರಿಚಯವೇ ಇಲ್ಲಿ ಮೈಮರೆವನ್ನು ತರುತ್ತದೆ.

ಆ ಯುದ್ಧ ನಮ್ಮದಲ್ಲ ಎನ್ನುವ ಇನ್ನೊಂದು ಮೈಮರೆವೂ ಇದೆ. 1941ರಲ್ಲಿ ಸುಭಾಷರು ಬರ್ಲಿನ್ನನ್ನು ಸೇರಿದ ಮೇಲೆ, ಆಂಗ್ಲರ ವೈರಿಯು ನಮ್ಮ ಮಿತ್ರನೆಂಬ ಎಣಿಕೆ ದೇಶಭಕ್ತರಾದ ಅನೇಕರಲ್ಲಿ ಇದ್ದಿತು. ಅದರ ಪಳೆಯುಳಿಕೆಯೆಂಬಂತೆ ಹಿಟ್ಲರನ ಆತ್ಮಕಥೆ ಇಂದಿಗೂ ನಮ್ಮ ಪುಸ್ತಕದಂಗಡಿಗಳಲ್ಲಿ ವ್ಯಕ್ತಿತ್ವವಿಕಸನದ ಪುಸ್ತಕಗಳ ಪಕ್ಕದಲ್ಲಿಯೇ ನಿಸ್ಸಂಕೋಚವಾಗಿ ಮಾರಾಟವಾಗುತ್ತದೆ. ಧಾರವಾಡಕ್ಕೆ ಜರ್ಮನರೆಂದರೆ ಕಿಟ್ಟೆಲ್‌ರೂ ಬಾಸೆಲ್ ಮಿಶನ್ನಿನ ಶಾಲೆಯೂ ಮೊದಲು ನೆನಪಾಗುವುದರಿಂದ ಆ ಹೆಸರಿನ ಮೇಲೆ ನಮಗೆ ಕೊಂಚ ಮಮತೆಯೂ ಉಂಟು. ಆದರೆ ನೆರೆಯ ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಪದಾತಿದಳವು ಇಟಲಿಯ ಬೆಟ್ಟಗಳಲ್ಲಿ ಇದೇ ಜರ್ಮನ್ ಸೇನೆಯನ್ನು ಎದುರಿಸಿ ರಕ್ತ ಹರಿಸಿತು. ಯಶವಂತ ಘಾಡಗೆ 1944ರಲ್ಲಿ ಅಲ್ಲಿ ಮಡಿದು, ನಾಮದೇವ ಜಾಧವ 1945ರಲ್ಲಿ ಬದುಕಿ ಉಳಿದು, ವಿಕ್ಟೋರಿಯ ಕ್ರಾಸ್ ಪಡೆದರು.

ಹ್ಯಾಂಬುರ್ಗ್, ಡ್ರೆಸ್ಡನ್‌ಗಳನ್ನು ಸುಟ್ಟ ಆಂಗ್ಲರ ಲ್ಯಾಂಕಾಸ್ಟರ್ ಬಾಂಬುವಿಮಾನದ ಮಾದರಿಯನ್ನು ಕಟ್ಟುವವನಿಗೆ ಈ ಸಂಕೋಚ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆದರೂ ಜನಾಂಗವೊಂದನ್ನೇ ಅಳಿಸಹೊರಟ ರಾಜ್ಯಕ್ಕಾಗಿ, ಗುಲಾಮರ ಕೈಯಿಂದ ಕಟ್ಟಿಸಿದ ಯಂತ್ರವನ್ನು ಉಳಿದೆಲ್ಲ ಯುದ್ಧಯಂತ್ರಗಳೊಡನೆ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನಾನು ಒಪ್ಪಲಾರೆ.

ಹಾಗೆಂದು ಬಾಲವನ್ನು ಬರಿದಾಗಿ ಬಿಟ್ಟು ಸಮಾಧಾನ ಹೊಂದುವವರೊಡನೆಯೂ ನನಗೆ ಸಹಮತವಿಲ್ಲ, ಏಕೆಂದರೆ ಗುರುತಿಲ್ಲದ ಫೋಕೆ-ವುಲ್ಫ್ ಬರಿಯ ಸುಂದರ ವಿಮಾನವಾಗಿ ಉಳಿದು, ತನ್ನ ಒಡೆಯನನ್ನು ಮರೆಮಾಚುತ್ತದೆ. ನನ್ನ ಕಪಾಟಿನಲ್ಲಿರುವುದಕ್ಕೆ ಎರಡು ತುಂಡನ್ನೂ ಜೋಡಿಸಿಯೇ ಅಂಟಿಸಿದ್ದೇನೆ. ಅದನ್ನು ಕಂಡು ಪ್ರಶ್ನಿಸಿದವರಿಗೆ, ಚಹಾ ಆರುವುದನ್ನೂ ಲೆಕ್ಕಿಸದೆ, ಗೂಸೆನ್ನಿನ ಸುರಂಗದಿಂದ ಬೆಂಗಳೂರಿನ ಮಾರುತದವರೆಗೆ ಎಲ್ಲವನ್ನೂ ಹೇಳುತ್ತೇನೆ. ಕೆಲವರು ಎರಡನೆಯ ಸಲ ಬರುವುದಿಲ್ಲ.