ಕೆಂಪು ಗಾಡಿಗೂ ಮುಪ್ಪು ಬರುತ್ತದೆ



2017ರ ಮೇ 31ರಂದು ನಮ್ಮ ತ್ಯಾಗರಾಯನಗರದ ಚೆನ್ನೈ ಸಿಲ್ಕ್ಸ್ ಮಳಿಗೆಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಅಗ್ನಿಶಾಮಕ ದಳದವರು ಗಂಟೆಗಟ್ಟಲೆ ಹೋರಾಡಿದರು. ಕಟ್ಟಡದ ಒಂದು ಭಾಗ ಕುಸಿಯಿತು. ಅಂಥ ಹೊತ್ತಿನಲ್ಲಿ ಪಂಪು ಕೈಕೊಟ್ಟರೆ ಗತಿ ಏನು?

15 ವರ್ಷ ಮೀರಿದ ಸರ್ಕಾರಿ ವಾಹನಗಳನ್ನು ಗುಜರಿಗೆ ಹಾಕಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ದೇಶರಕ್ಷಣೆ, ಕಾನೂನು ಸುವ್ಯವಸ್ಥೆಯ ವಿಶೇಷ ವಾಹನಗಳಿಗೆ ವಿನಾಯಿತಿ ಸಿಕ್ಕಿತು. ಆ ಅಧಿಸೂಚನೆಯಲ್ಲಿ ಅಗ್ನಿಶಾಮಕ ವಾಹನದ ಹೆಸರಿರಲಿಲ್ಲ.

ಬಸ್ಸು ಓಡಿ ಸವೆಯುತ್ತದೆ. ಈ ಗಾಡಿ ಓಡುವುದು ಕಡಿಮೆ; ನಿಂತಲ್ಲೇ ಇಂಜಿನ್ ಪಂಪನ್ನು ತಿರುಗಿಸುತ್ತದೆ. ಮೀಟರ್ ನೋಡಿದರೆ ಹೊಸದು, ಒಳಗೆ ಟ್ಯಾಂಕಿಗೆ ತುಕ್ಕು! ಆದ್ದರಿಂದ ವಯಸ್ಸಿನ ಜೊತೆಗೆ ಪಂಪಿನ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಣ? ಇಲ್ಲಿ ಈ ದಳ ನಗರಪಾಲಿಕೆಯದಲ್ಲ, ರಾಜ್ಯ ಸರ್ಕಾರದ್ದು. ರಾಜ್ಯಗಳ ಅಗ್ನಿಶಾಮಕ ಸೇವೆಯ ಆಧುನೀಕರಣಕ್ಕೆ 2023ರ ಜುಲೈನಲ್ಲಿ ಕೇಂದ್ರ 5,000 ಕೋಟಿ ರೂಪಾಯಿಯ ಯೋಜನೆ ಆರಂಭಿಸಿತು. ತಮಿಳುನಾಡು, ಕರ್ನಾಟಕದಂಥ ರಾಜ್ಯಗಳು ವೆಚ್ಚದ ಶೇ. 25 ಭರಿಸಬೇಕಿತ್ತು. ಆದರೆ ಎಲ್ಲವನ್ನೂ ಒಂದೇ ವರ್ಷ ಕೊಂಡರೆ ಎಲ್ಲಕ್ಕೂ ಒಟ್ಟಿಗೇ ಮುಪ್ಪು ಬರುತ್ತದೆ. 30 ಗಾಡಿಗಳಿದ್ದರೆ ವರ್ಷಕ್ಕೆ ಎರಡರಂತೆ ಬದಲಿಸುವುದು ಜಾಣತನ. ಸಂಸಾರ ತೂಗಿಸಿದ ನಿಮ್ಮ ಅಜ್ಜಿಯನ್ನು ಕೇಳಿ, ಇದನ್ನೇ ಹೇಳುತ್ತಾರೆ. ಸೌಕಾರ್‌ಪೇಟೆಯಂಥ ಇಕ್ಕಟ್ಟಿನ ಓಣಿಗಳಿಗೆ ಚಿಕ್ಕ ಗಾಡಿಗಳೇ ಸಾಕು. ಅವು ಅಗ್ಗವೂ ಹೌದು.

ಮತ ಹಾಕುವ ವಯಸ್ಸು ನಿಮ್ಮದು. ನಮ್ಮ ಠಾಣೆಯ ಗಾಡಿಗೆ ಎಷ್ಟು ವರ್ಷ, ಬದಲಿ ಎಂದು ಬರುತ್ತದೆ ಎಂದು ನಿಮ್ಮ ಶಾಸಕರನ್ನು ಕೇಳಿ. ಅಲ್ಲಿಯವರೆಗೆ ನಿಮ್ಮ ಬೈಕನ್ನು ಓಣಿಗೆ ಅಡ್ಡ ನಿಲ್ಲಿಸಬೇಡಿ. ಅದಕ್ಕಂತೂ ಬಜೆಟ್ ಬೇಕಿಲ್ಲ!