ಹೋದ ಪುಟ್ಟ ಬಂದ ಪುಟ್ಟನ ಯುರೋಪ್ ಯಾತ್ರೆ

ಬೇಸಿಗೆ ಸಮೀಪಿಸಿತೆಂದರೆ ದಾದರ್‌ನ ಅಂಗಡಿ ಮುಂಗಟ್ಟುಗಳ ಮೇಲೆ, ಮರಾಠಿ ಪತ್ರಿಕೆಗಳ ಪುಟಗಳಲ್ಲಿ ಯುರೋಪ್ ಪ್ರವಾಸದ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ಹದಿನೈದು ದಿನಗಳಲ್ಲಿ ಎಂಟು ಹತ್ತು ದೇಶಗಳು; ಗೋಪುರ, ಹಿಮಪರ್ವತ, ಗಡಿಯಾರದ ಅಂಗಡಿ; ಇವೆಲ್ಲಕ್ಕಿಂತ ದಪ್ಪ ಅಕ್ಷರಗಳಲ್ಲಿ ಪ್ರತಿದಿನವೂ ಭಾರತೀಯ ಊಟದ ಭರವಸೆ. ಬ್ಯಾಂಕು, ರೈಲ್ವೆ, ವಿಮೆ, ಬಂದರು, ಕೇಂದ್ರ ಸರಕಾರದ ಕಚೇರಿಗಳಲ್ಲಿ ಮೂವತ್ತೈದು ವರ್ಷ ದುಡಿದ ದಾದರ್, ಮಾಟುಂಗಾ, ಮಾಹಿಮ್‌ನ ನಮ್ಮ ಕನ್ನಡಿಗರು ಗ್ರಾಚ್ಯುಯಿಟಿ ಕೈಗೆ ಬಂದೊಡನೆ ಈ ಭರವಸೆಗೆ ಓಗೊಡುತ್ತಾರೆ. ಹೋಗುತ್ತಾರೆ, ಬರುತ್ತಾರೆ. ಕಂಡದ್ದೇನು, ಉಂಡದ್ದೇನು ಎಂದು ಕೇಳಿದರೆ ಮೊಬೈಲಿನಲ್ಲಿ ಆರುನೂರು ಚಿತ್ರಗಳನ್ನು ತೋರಿಸುತ್ತಾರೆ. ಹೋದ ಪುಟ್ಟ, ಬಂದ ಪುಟ್ಟ. ನನ್ನ ತಕರಾರು ಈ ಬಗೆಯ ಯಾತ್ರೆಯ ಮೇಲೆಯೇ ಹೊರತು ಯಾತ್ರೆಯ ಮೇಲಲ್ಲ.

ಈ ಭೇದವನ್ನು ಮೊದಲಿಗೇ ಸ್ಪಷ್ಟಪಡಿಸಬೇಕಾಗಿದೆ. ಏಕೆಂದರೆ ನಮ್ಮ ಸಂಘಗಳಲ್ಲಿ ಇನ್ನೊಂದು ಪಕ್ಷದ ಹಿರಿಯರೂ ಇದ್ದಾರೆ. ಅಷ್ಟು ಲಕ್ಷ ಸುರಿದು ತಿಂದು ತಿರುಗಿ ಬರುವ ಬದಲು ಸಂಘದ ಕಟ್ಟಡ ನಿಧಿಗೆ ಕೊಡಬಾರದಿತ್ತೇ ಎಂಬುದು ಅವರ ಪ್ರಶ್ನೆ. ಒಳ್ಳೆಯ ಊಟ, ಒಳ್ಳೆಯ ಉಡುಪು, ಸುಖವಾದ ಸಂಚಾರ ಇವೆಲ್ಲ ಅವರ ದೃಷ್ಟಿಯಲ್ಲಿ ಪರಕೀಯರ ಭೋಗಲಾಲಸೆ. ಈ ಮಾತಿಗೆ ನಮ್ಮ ಪರಂಪರೆಯ ಆಧಾರವಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯವನ್ನೇ ಮೀಸಲಿರಿಸಿದ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ಶಾಸ್ತ್ರದ ಶಿಸ್ತಿನಿಂದ ವಿವರಿಸಿದ, ದೋಸೆ ಇಡ್ಲಿಗಳ ಪೂರ್ವಜರು ಅಲ್ಲಿ ದೋಸಕ, ಇಡರಿಕಾ ಎಂಬ ಹೆಸರಿನಲ್ಲಿ ಕಾಣಸಿಗುತ್ತಾರೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂದೇ ಕಾವ್ಯ ಬರೆದ. ಭೋಗವನ್ನು ಹೀಗಳೆಯುವುದಲ್ಲ, ಬಲ್ಲವನಾಗಿ ಭೋಗಿಸುವುದು ನಮ್ಮವರ ದಾರಿ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ಒತ್ತು ಬೀಳುವುದು ‘ಬಲ್ಲವನಿಗೆ’ ಎಂಬ ಪದದ ಮೇಲೆ.

ಇನ್ನು ಯಾತ್ರೆಯ ಮಾತು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರು 1885ರಲ್ಲಿ ಮುಂಬಯಿಯ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಹೋದ ಕಾಲದಲ್ಲಿ ಸಮುದ್ರ ದಾಟುವುದು ಮೇಲ್ಜಾತಿಗಳಲ್ಲಿ ಬಹಿಷ್ಕಾರಕ್ಕೆ ಕಾರಣವಾಗಬಹುದಾದ ಕೃತ್ಯವಾಗಿತ್ತು. 1930ರ ದಶಕದಲ್ಲಿ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ‘ಸಮುದ್ರದಾಚೆಯಿಂದ’ವನ್ನು ತಂದರು. ಕಾರಂತರು ‘ಅಪೂರ್ವ ಪಶ್ಚಿಮ’ವನ್ನು ಕೊಟ್ಟರು. ನಮ್ಮ ಮುಂಬಯಿಯಲ್ಲೇ ಕಾರ್ಮಿಕರ ನಡುವೆ ದುಡಿದ ದಿನಕರ ದೇಸಾಯಿಯವರು ‘ನಾ ಕಂಡ ಪಡುವಣ’ವನ್ನು ಬರೆದರು. ವಿದೇಶೀ ವಿನಿಮಯ ದುರ್ಲಭವಾಗಿದ್ದ ಕಾಲದಲ್ಲಿ ಅವರು ತಂದದ್ದು ಪ್ರಶ್ನೆಗಳನ್ನು, ಹೋಲಿಕೆಗಳನ್ನು. ಎಲ್ಲರೂ ಪುಸ್ತಕ ಬರೆಯಬೇಕಿಲ್ಲ ನಿಜ. ಆದರೆ ಸಮುದ್ರೋಲ್ಲಂಘನದ ಭಯ ಅಳಿದ ಮೇಲೂ ನಾವು ಮಡಿಯನ್ನು ಬಿಟ್ಟಿಲ್ಲ. ಅದನ್ನೂ ವಿಮಾನ ಹತ್ತಿಸಿದ್ದೇವೆ. ಬಸ್ಸಿನ ಹಿಂದೆ ಅಡುಗೆಯವನು, ಚೀಲದಲ್ಲಿ ಚಟ್ನಿಪುಡಿ, ಸುತ್ತಲೂ ಮುಂಬಯಿಯದೇ ನಲವತ್ತು ಮುಖಗಳು. ಇದು ಯುರೋಪಿನ ಮೂಲಕ ಹಾದುಹೋಗುವ ದಾದರ್. ಯುರೋಪು ಕಿಟಕಿಯ ಹೊರಗೆ.

ಕೆಲವು ವರ್ಷಗಳ ಹಿಂದೆ ಇಂತಹ ತಂಡವೊಂದರಲ್ಲಿ ನಾನೂ ನನ್ನ ಪತ್ನಿಯೂ ವೆನಿಸ್ಸಿಗೆ ಹೋಗಿದ್ದೆವು. ಹಗಲಿನ ಗದ್ದಲ ಇಳಿದು, ಸ್ಥಳೀಯರು ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳುವ ಹೊತ್ತಿಗೆ ನಮಗೆ ಬಸ್ಸು ಹತ್ತುವ ಕರೆ ಬಂತು. ನಾವಿಬ್ಬರೂ ಇಲ್ಲಿಯೇ ಊಟ ಮಾಡಿ ಬರುತ್ತೇವೆ ಎಂದಾಗ ತಂಡದ ಮುಖ್ಯಸ್ಥ ಯುವಕನಿಗೆ ನಿಜವಾಗಿಯೂ ಕಳವಳವಾಯಿತು. “ಊಟ ಪ್ಯಾಕೇಜಿನಲ್ಲೇ ಇದೆಯಲ್ಲ ಸಾಹೇಬರೇ, ಹಣ ಯಾಕೆ ದಂಡ?” ಎಂದ. ನಮ್ಮ ಪ್ರವಾಸದ ಸಿದ್ಧಾಂತವೆಲ್ಲ ಆ ಒಂದು ವಾಕ್ಯದಲ್ಲಿದೆ. ಎಲ್‌ಟಿಸಿ ದೊರೆಯುವುದು ದೇಶದೊಳಗಿನ ಪ್ರವಾಸಕ್ಕೆ ಮಾತ್ರ. ಯುರೋಪಿಗೆ ಸುರಿಯುವ ಒಂದೊಂದು ರೂಪಾಯಿಯೂ ಜೀವಮಾನದ ಉಳಿತಾಯ. ಆ ಉಳಿತಾಯವನ್ನು ತೆತ್ತು ಮನೆಯ ಅನ್ನಸಾರನ್ನೇ ಉಣ್ಣುವುದು ಮಿತವ್ಯಯವೇ? ಅದೇ ದೊಡ್ಡ ದಂಡ.

ಸಸ್ಯಾಹಾರಿಗಳು ಏನು ಮಾಡಬೇಕೆಂದು ಕೇಳುವವರಿದ್ದಾರೆ. ಅವರ ವ್ರತವನ್ನು ನಾನು ಗೌರವಿಸುತ್ತೇನೆ. ಆದರೆ ಇಟಲಿಯ ಜೆನೋವಾದಲ್ಲಿ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಒಲೆಯಲ್ಲಿ ಬೇಯಿಸುವ ಫರಿನಾತಾ ಎಂಬ ತಿನಿಸಿದೆ. ನಮ್ಮ ದೋಸೆಗೆ ದಾಯಾದಿ. ಉತ್ತರ ಇಟಲಿಯ ರೈತರು ಮೆಕ್ಕೆಜೋಳದ ಹಿಟ್ಟನ್ನು ತೊಳಸಿ ಮಾಡುವ ಪೊಲೆಂತಾ ನಮ್ಮ ಮುದ್ದೆಗೆ ಅಣ್ಣನೋ ತಮ್ಮನೋ ಆಗಬೇಕು. ಕೇಳಿ, ವಿಚಾರಿಸಿ, ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಕೇಳುವ ಶ್ರಮವನ್ನೇ ನಾವು ಒಲ್ಲೆವು.

ಕಾಫಿಯ ಪ್ರಸಂಗವಂತೂ ಹಾಸ್ಯಾಸ್ಪದ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ದೇಶದ ಬೆಳೆಯ ಬಹುಪಾಲು ರಫ್ತಾಗುತ್ತದೆ. ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಎಸ್‌ಪ್ರೆಸೋ ಬಟ್ಟಲಿನ ಮೇಲಿನ ದಟ್ಟ ನೊರೆಗಾಗಿ ಅಲ್ಲಿನವರು ನಮ್ಮ ರೊಬಸ್ಟಾವನ್ನು ಹುಡುಕಿ ಕೊಳ್ಳುತ್ತಾರೆ. ಕೊಡಗು, ಚಿಕ್ಕಮಗಳೂರುಗಳ ಬೀಜ ಹುರಿದ ಪರಿಮಳ ಬೀದಿಯಲ್ಲಿ ಬರುತ್ತಿರುವಾಗ ಕನ್ನಡಿಗನೊಬ್ಬ ಹೊಟೇಲಿನ ಕೋಣೆಯಲ್ಲಿ ಬಿಸಿನೀರಿಗೆ ಇನ್‌ಸ್ಟಂಟ್ ಪುಡಿ ಕದಡುತ್ತಿರುತ್ತಾನೆ!

ಯುರೋಪಿನ ಸೊಗಸು ಸಿರಿವಂತಿಕೆಯಿಂದ ಬಂದದ್ದೆಂಬುದು ನಮ್ಮ ಇನ್ನೊಂದು ಭ್ರಮೆ. ಇರುವ ಒಂದೇ ಕೋಟನ್ನು ಇಸ್ತ್ರಿ ಮಾಡಿ ತೊಟ್ಟ ಮುದುಕ, ಟೊಮೇಟೊಗಳನ್ನು ಸಾಲಾಗಿ ಜೋಡಿಸಿಟ್ಟ ವ್ಯಾಪಾರಿ, ಕಿಟಕಿಯ ಕುಂಡಕ್ಕೆ ನೀರೆರೆಯುವ ಗೃಹಿಣಿ ಇವರ ಗುಣಕ್ಕೆ ಕನ್ನಡದಲ್ಲಿ ಅಚ್ಚುಕಟ್ಟು ಎಂಬ ಒಳ್ಳೆಯ ಶಬ್ದವಿದೆ. ಅದು ತಾನಾಗಿ ಉಳಿದದ್ದೂ ಅಲ್ಲ. 1993ರಲ್ಲಿ ಫ್ರಾನ್ಸ್ ಸರಕಾರವು, ‘ಸಾಂಪ್ರದಾಯಿಕ’ವೆಂದು ಮಾರುವ ಬ್ರೆಡ್ಡಿನಲ್ಲಿ ಕೃತಕ ಸೇರ್ಪಡೆಗಳಿರಕೂಡದು, ಅದರ ಹಿಟ್ಟನ್ನು ಹಿಮಗಟ್ಟಿಸಕೂಡದು ಎಂದು ಕಾನೂನು ಮಾಡಿತು. 1986ರಲ್ಲಿ ರೋಮಿನಲ್ಲಿ ಅಮೆರಿಕನ್ ಬರ್ಗರ್ ಅಂಗಡಿಯ ವಿರುದ್ಧ ನಡೆದ ಪ್ರತಿಭಟನೆಯಿಂದ ಕಾರ್ಲೋ ಪೆಟ್ರಿನಿಯವರ ‘ಸ್ಲೋ ಫುಡ್’ ಚಳವಳಿ ಬೆಳೆಯಿತು. ಅದೇ ವೆನಿಸ್ 2024ರಲ್ಲಿ, ರಾತ್ರಿ ತಂಗದೆ ಹಗಲಷ್ಟೇ ನೋಡಿ ಹೋಗುವವರ ಮೇಲೆ ನಿಗದಿತ ದಿನಗಳಂದು ಐದು ಯೂರೋ ಪ್ರವೇಶಶುಲ್ಕ ವಿಧಿಸಿತು. ಕುಳಿತುಣ್ಣದೆ, ಮಾತಾಡದೆ ಚಿತ್ರ ತೆಗೆದು ಓಡುವವನು ಊರಿಗೆ ಅತಿಥಿಯಲ್ಲ, ಹೊರೆ ಎಂಬುದು ಅದರ ಅರ್ಥ.

ಹಾಗಾದರೆ ನಮ್ಮ ಬೀದಿಯನ್ನು ನಾವು ಎಷ್ಟು ಬಲ್ಲೆವು? 1896ರ ಪ್ಲೇಗಿನ ಅನಂತರ ಗಾಳಿ ಬೆಳಕು ಬರಲೆಂದು ಇಂಪ್ರೂವ್‌ಮೆಂಟ್ ಟ್ರಸ್ಟ್ ಯೋಜಿಸಿದ ಬಡಾವಣೆಗಳು ದಾದರ್ ಮಾಟುಂಗಾಗಳಲ್ಲಿವೆ. ಸಂಜೆ ಮೂರು ತಲೆಮಾರು ಕುಳಿತು ಹರಟುವ ಶಿವಾಜಿ ಪಾರ್ಕಿನ ಕಟ್ಟೆಯಿದೆ. ನಸುಕಿಗೇ ತೆರೆಯುವ ಹೂವಿನ ಮಾರುಕಟ್ಟೆಯಿದೆ. ಪೋರ್ಚುಗೀಸರು ತಂದ ಬ್ರೆಡ್ಡು, ಬಟಾಟೆ, ಮೆಣಸಿನಕಾಯಿಗಳನ್ನು ಸೇರಿಸಿ 1966ರಲ್ಲಿ ಅಶೋಕ್ ವೈದ್ಯರು ದಾದರ್ ನಿಲ್ದಾಣದ ಹೊರಗೆ ವಡಾಪಾವ್ ಮಾರತೊಡಗಿದರೆಂಬುದು ಜನಜನಿತ. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆ ಹಾಸುತ್ತದೆ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹುಡುಗರು ಈ ನಗರಕ್ಕೆ ಊಟದ ಒಂದು ಶಿಸ್ತನ್ನೇ ಕೊಟ್ಟರು. ವಿಯೆನ್ನಾದ ಕಾಫಿಗೃಹವನ್ನು ಕೊಂಡಾಡುತ್ತ ಬಂದವರು ಇಲ್ಲಿ ಕಾಫಿಗೆ ಐದು ರೂಪಾಯಿ ಏರಿದರೆ ಮಾಣಿಯ ಮೇಲೆ ರೇಗುತ್ತಾರೆ. ಇರಾನಿ ಹೊಟೇಲುಗಳು ಒಂದೊಂದಾಗಿ ಮುಚ್ಚಿದಾಗ ನಾವು ನಿಟ್ಟುಸಿರನ್ನೂ ಬಿಡಲಿಲ್ಲ. ಕಟ್ಟಿಗೆ, ಕಲ್ಲಿದ್ದಲು ಸುಡುವ ಬೇಕರಿಗಳು ಆರು ತಿಂಗಳಲ್ಲಿ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆದೇಶಿಸಿತು. ಗಾಳಿ ಶುದ್ಧವಾಗಬೇಕು, ಸರಿಯೇ. ಆದರೆ ಆ ಖರ್ಚನ್ನು ಸಣ್ಣ ಬೇಕರಿಯವನು ಹೇಗೆ ಹೊರುತ್ತಾನೆಂದು ಪ್ಯಾರಿಸ್ಸಿನ ಬ್ರೆಡ್ಡನ್ನು ಹೊಗಳಿದವರಲ್ಲಿ ಎಷ್ಟು ಮಂದಿ ವಿಚಾರಿಸಿದರು?

ವಯಸ್ಸಾಯಿತು, ಭಾಷೆ ಬಾರದು ಎಂಬುದು ಕೊನೆಯ ಆಕ್ಷೇಪ. ಈ ಮಾತನ್ನು ಯಾರು ಬೇಕಾದರೂ ಆಡಲಿ, ಹೊರನಾಡ ಕನ್ನಡಿಗ ಆಡಬಾರದು. ನಮ್ಮ ಹಿರಿಯರು ಮರಾಠಿ ಕಲಿತದ್ದು ತರಗತಿಯಲ್ಲಲ್ಲ. ಭಾಜಿ ಮಾರುವವಳ ಬುಟ್ಟಿಯೆದುರು, ಚಾಳಿನ ನಲ್ಲಿಯ ಬಳಿ. ಪರರ ಬೀದಿಯಲ್ಲಿ ಸಂಕೋಚವಿಲ್ಲದೆ, ಸೊಕ್ಕಿಲ್ಲದೆ ಬಾಳುವ ವಿದ್ಯೆಯೇ ನಮ್ಮ ಆಸ್ತಿ. ಯುರೋಪಿನ ವಿಮಾನ ಹತ್ತುವಾಗ ಅದನ್ನೇ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದೇವೆ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ಹತ್ತು ದೇಶಗಳ ಬದಲು ಒಂದೆರಡಕ್ಕೆ ಹೋಗಿ, ಒಂದೇ ಊರಿನಲ್ಲಿ ನಾಲ್ಕು ರಾತ್ರಿ ತಂಗಿ, ಒಂದೇ ಅಂಗಡಿಯಲ್ಲಿ ನಾಲ್ಕು ಬೆಳಿಗ್ಗೆ ಬ್ರೆಡ್ಡು ಕೊಳ್ಳಿ. ನಾಲ್ಕನೆಯ ಬೆಳಿಗ್ಗೆ ಅಂಗಡಿಯವಳು ನಿಮ್ಮ ಗುರುತು ಹಿಡಿದು ನಕ್ಕರೆ ಯಾತ್ರೆ ಫಲಿಸಿತೆಂದು ತಿಳಿಯಿರಿ. ನಮ್ಮ ಸಂಘಗಳೂ ಪ್ರವಾಸಾನುಭವದ ಸಭೆಗಳಲ್ಲಿ ಚಿತ್ರಪ್ರದರ್ಶನವನ್ನು ನಿಲ್ಲಿಸಿ, ಬಂದವರಿಗೆ ಮೂರೇ ಪ್ರಶ್ನೆ ಹಾಕಲಿ: ಏನನ್ನು ಉಂಡಿರಿ? ಯಾರೊಡನೆ ಮಾತಾಡಿದಿರಿ? ಮರಳಿದ ಮೇಲೆ ನಿಮ್ಮ ಬೀದಿಯಲ್ಲಿ ಏನನ್ನು ಬದಲಿಸಿದಿರಿ? ಉತ್ತರವಿಲ್ಲದವರು ಮುಂದಿನ ಬೇಸಿಗೆಗೆ ಹಣ ಕಟ್ಟುವ ಮುನ್ನ ಮಾಟುಂಗಾದ ಬಾಳೆಲೆಯ ಮುಂದೆ ಒಮ್ಮೆ ಸಾವಧಾನವಾಗಿ ಕುಳಿತು ಅಭ್ಯಾಸ ಮಾಡಿಕೊಳ್ಳಲಿ.