ಅಡಿಕೆ ತೋಟಕ್ಕೆ ಯಾವ ಲೆನ್ಸ್ ತಗೊಳ್ಳೋದು?

ಮೊನ್ನೆ ಸೊಸೈಟಿ ಹತ್ತಿರ ಪಕ್ಕದೂರಿನ ಭಾವ ಸಿಕ್ಕಿದ್ದರು. ಮಗ ಬೆಂಗಳೂರಿಗೆ ಹೋಗುವಾಗ ಹಳೇ ಕ್ಯಾನನ್ ಕ್ಯಾಮೆರಾ ಮನೇಲೇ ಬಿಟ್ಟು ಹೋಗಿದ್ದಾನಂತೆ. "ನೀನು ತೋಟದ ಫೋಟೋ ತೆಗೀತೀಯಲ್ಲ ಮಾರಾಯ, ಇದಕ್ಕೊಂದು ಲೆನ್ಸ್ ಹೇಳು. 18-400 ಅಂತ ಒಂದುಂಟಂತೆ, ಎಲ್ಲಾ ಅದರಲ್ಲೇ ಆಗ್ತದಂತೆ" ಅಂದರು. "ಬೇಡ ಭಾವ, ದುಡ್ಡೂ ಹೆಚ್ಚು, ಭಾರವೂ ಹೆಚ್ಚು. 18-135 ಸಾಕು ನಿಮಗೆ" ಅಂದೆ. ಯಾಕೆ ಅಂತ ರಸ್ತೆ ಬದಿ ನಿಂತು ಹೇಳಿ ಮುಗಿಯೋ ಮಾತಲ್ಲ, ಅದಕ್ಕೆ ಇಲ್ಲಿ ಬರೀತಿದ್ದೇನೆ.

ಮೊದಲು ಒಂದು ಮಾತು. ನೆಲದ ಮೇಲಿನದಕ್ಕೆ ಫೋನೇ ಸಾಕು. ಬೇರು, ಮಣ್ಣು, ಅಂಗೈ ಮೇಲಿನ ಹುಳ ಇದಕ್ಕೆಲ್ಲ ಕ್ಯಾಮೆರಾ ಬೇಡ. ನಮಗೆ ಕ್ಯಾಮೆರಾ ಬೇಕಾಗೋದು ಮರದ ತಲೆ ನೋಡಲಿಕ್ಕೆ. ಎಲೆಚುಕ್ಕಿ ರೋಗ ಮೊದಲು ಕಾಣಿಸಿಕೊಳ್ಳೋದು ಕೆಳಗಿನ ಸೋಗೆಗಳಲ್ಲಿ. ಕಂದು ಚುಕ್ಕಿ, ಸುತ್ತ ಹಳದಿ ಅಂಚು. 40 ಅಡಿ ಕೆಳಗೆ ನಿಂತು ನೋಡಿದರೆ ಚುಕ್ಕಿಯೋ, ಸೋಗೆ ಹಣ್ಣಾಗಿದ್ದೋ ಗೊತ್ತಾಗೋದಿಲ್ಲ. ಬರೀ ನೋಡಿ ಬಾ ಅಂತ ಕೊನೆಗೌಡನನ್ನ ಹತ್ತಿಸೋ ಕಾಲವೂ ಇದಲ್ಲ, ಕೊನೆ ತೆಗೆಯೋಕೇ ಅವನು ಸಿಗೋದು ಕಷ್ಟ.

ಮೂರು ವರ್ಷದ ಹಿಂದೆ ನಾನು ಹಾಗೇ ಮೋಸ ಹೋದೆ. ಸೋಗೆ ಹಣ್ಣಾಗಿದೆ ಅಂತ ಸುಮ್ಮನಿದ್ದೆ. ದೀಪಾವಳಿ ಕಳೆದು ಕೊನೆ ತೆಗೆಯೋಕೆ ಹತ್ತಿದವನು ಮೇಲಿಂದ ಕೂಗಿ ಹೇಳಿದ ಮೇಲೇ ಗೊತ್ತಾಗಿದ್ದು. ಅಷ್ಟೊತ್ತಿಗೆ ಒಂದು ಸಾಲು ಪೂರ್ತಿ ಹಬ್ಬಿತ್ತು. ಫೋನಲ್ಲಿ ಎಳೆದು ತೆಗೆದ ಫೋಟೋ ಕೃಷಿ ವಿಜ್ಞಾನ ಕೇಂದ್ರದವರಿಗೆ ಕಳಿಸಿದ್ದೆ, "ಏನೂ ಕಾಣ್ತಿಲ್ಲ, ಸ್ಪಷ್ಟ ಇರೋದು ಕಳಿಸಿ" ಅಂದರು. ತಪ್ಪು ಅವರದ್ದಲ್ಲ, ನನ್ನ ಫೋಟೋದ್ದು.

ಈಗ ಲೆಕ್ಕ ನೋಡಿ. ಕ್ಯಾನನ್‌ನ ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರ್ ಅಗಲ ಸುಮಾರು 22 ಮಿ.ಮೀ. ಮರದ ತಲೆ 12 ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಕ್ಯಾಮೆರಾ ಜೊತೆ ಬರೋ 18-55 ಲೆನ್ಸನ್ನ ಪೂರ್ತಿ ಎಳೆದರೂ ಫೋಟೋದೊಳಗೆ ಹತ್ತಿರ ಹತ್ತಿರ 5 ಮೀಟರ್ ಅಗಲ ಬರ್ತದೆ. ಇಡೀ ತಲೆ ಸಿಗ್ತದೆ, ಚುಕ್ಕಿ ಸಿಗೋದಿಲ್ಲ. 135ರಲ್ಲಿ 2 ಮೀಟರ್, ಅಂದ್ರೆ ಒಂದು ಸೋಗೆ ಫೋಟೋ ತುಂಬ್ತದೆ. 250ರಲ್ಲಿ 1 ಮೀಟರ್.

ಹಾಗಾದ್ರೆ 55-250 ಯಾಕಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದು 375 ಗ್ರಾಂ, ಹಗುರ, ಫೋಟೋವೂ ಚೆನ್ನಾಗಿ ಬರ್ತದೆ. ಆದರೆ ರೋಗ ತೋರಿಸಬೇಕಾದ್ರೆ ಒಂದೇ ಮರದ್ದು ಮೂರು ಫೋಟೋ ಬೇಕು: ಸಾಲಿನ ಜೊತೆ ಇಡೀ ಮರ, ಮರದ ತಲೆ, ಒಂದು ಸೋಗೆ. 9 ಅಡಿಗೊಂದು ಮರ ಇರೋ ತೋಟದಲ್ಲಿ 55ರಲ್ಲಿ ಇಡೀ ಮರ ತುಂಬಿಸೋಕೆ ಹಿಂದೆ ಸರಿಯೋಣ ಅಂದ್ರೆ ಮಧ್ಯ ಬೇರೆ ಮರಗಳು ಅಡ್ಡ, ಇಲ್ಲಾ ಬಸಿಗಾಲುವೆಗೆ ಬೀಳಬೇಕು. 18 ಬೇಕೇ ಬೇಕು. ಎರಡು ಲೆನ್ಸ್ ಹೊತ್ತು, ಮಳೆಹನಿ ತೊಟ್ಟಿಕ್ಕುವಾಗ ಕೆಸರು ಕೈಯಲ್ಲಿ ಬದಲಾಯಿಸೋದು ಆಗದ ಮಾತು.

ಭಾರ ನೋಡಿ. 18-55 ಐಎಸ್ ಎಸ್‌ಟಿಎಂ 205 ಗ್ರಾಂ. 18-135 ಎಸ್‌ಟಿಎಂ 480. ಟ್ಯಾಮ್ರಾನ್‌ನ 18-400 ಸುಮಾರು 710. ಕೂತು ಓದುವಾಗ ಇದು ದೊಡ್ಡ ವ್ಯತ್ಯಾಸ ಅನ್ನಿಸೋದಿಲ್ಲ. ಒಂದು ಕೈಯಲ್ಲಿ ಕತ್ತಿ ಹಿಡಿದು ಸಂಕ ದಾಟುವಾಗ ಕುತ್ತಿಗೆಗೆ ಗೊತ್ತಾಗ್ತದೆ. ಭಾರ ಅಂತ ಮನೇಲಿ ಬಿಟ್ಟು ಹೋದ ಲೆನ್ಸ್ ಎಷ್ಟು ಉದ್ದ ಇದ್ದರೇನು ಬಂತು.

ಇದರ ಕೊರತೆಯನ್ನೂ ಹೇಳಿಬಿಡ್ತೇನೆ. 135ರಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯೋದಿಲ್ಲ, ತೋಟದೊಳಗೆ ಕತ್ತಲೆ. ಎಫ್ 2.8 ಲೆನ್ಸ್ ಆದರೆ ಇದರ ನಾಲ್ಕರಷ್ಟು ಬೆಳಕು ತಗೊಳ್ತದೆ. ಆದರೆ ಕ್ಯಾನನ್‌ನ 17-55 ಎಫ್ 2.8ಕ್ಕೆ 645 ಗ್ರಾಂ ಭಾರ, ದುಬಾರಿ ಬೇರೆ, 55ಕ್ಕೇ ನಿಲ್ತದೆ. ಇನ್ನು 18-135ರಲ್ಲಿರೋ ಐಎಸ್ ನಮ್ಮ ಕೈ ನಡುಕ ತಡೀತದೆ, ಗಾಳಿಗೆ ಅಲ್ಲಾಡೋ ಸೋಗೆಯನ್ನ ನಿಲ್ಲಿಸೋದಿಲ್ಲ. ನಾನು ಗಾಳಿ ಏಳೋ ಮುಂಚೆ ಬೆಳಿಗ್ಗೆ ಹೋಗ್ತೇನೆ. ಐಎಸ್‌ಒ 1600 ಇಟ್ಟು, ಶಟರ್ 1/250ರಿಂದ ಕೆಳಗೆ ಇಳಿಸೋದಿಲ್ಲ. ಫೋಟೋ ಸ್ವಲ್ಪ ಮರಳು ಮರಳಾಗ್ತದೆ, ಆದ್ರೆ ಚುಕ್ಕಿ ಕಾಣ್ತದೆ. ನಮಗೆ ಬೇಕಾಗಿದ್ದು ಅಷ್ಟೇ.

ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ತಗೊಳ್ಳಿ. ನಾನು 12 ಸಾವಿರ ಕೊಟ್ಟೆ. ಆದರೆ ಕೈಯಲ್ಲಿ ಹಿಡಿದು ನೋಡದೆ ತರಬೇಡಿ. ಒಂದು ಬದಿಯಿಂದ ಫೋನಿನ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಒಳಗೆ ಜೇಡನ ಬಲೆ ಥರ ಎಳೆ ಕಂಡರೆ ಅದು ಫಂಗಸ್, ವಾಪಸ್ ಕೊಟ್ಟು ಬನ್ನಿ. 18ರಲ್ಲೊಂದು 135ರಲ್ಲೊಂದು ಫೋಟೋ ತೆಗೆದು, ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ.

ತಂದ ಮೇಲೂ ಮಲೆನಾಡಿನ ಮಳೆಗಾಲ ಬಿಡೋದಿಲ್ಲ. ನನ್ನ ಮೊದಲ ಲೆನ್ಸನ್ನ ಬ್ಯಾಗಲ್ಲೇ ಹಾಕಿ ಮೂರು ತಿಂಗಳು ಕಪಾಟಿನಲ್ಲಿಟ್ಟು ಹಾಳು ಮಾಡಿಕೊಂಡೆ. ತೋಟಕ್ಕೆ ಬೋರ್ಡೋ ಹೊಡೆದವನಿಗೆ ಮನೆಯೊಳಗಿನ ಬೂಷ್ಟು ನೆನಪಾಗಲಿಲ್ಲ. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡ್ತೇನೆ.

ನಿಕಾನ್ ಇದ್ದವರು 18-105 ಅಥವಾ 18-140 ನೋಡಬಹುದು. 420 ಗ್ರಾಂ, 490 ಗ್ರಾಂ.

ಕೊನೇದಾಗಿ, ಕೊಳ್ಳೋ ಮುಂಚೆ ನಿಮ್ಮ ಹಳೇ ಫೋಟೋಗಳ ವಿವರ ತೆಗೆದು ನೋಡಿ. ಎಷ್ಟು ಮಿ.ಮೀ.ನಲ್ಲಿ ತೆಗೆದಿದ್ದು ಅಂತ ಅದರಲ್ಲೇ ಇರ್ತದೆ. ಹೆಚ್ಚಿನವು 55ಕ್ಕೆ ಬಂದು ನಿಂತಿದ್ದರೆ ನಿಮಗೆ ಉದ್ದದ್ದು ಬೇಕು. 18ರ ಆಸುಪಾಸಲ್ಲೇ ಇದ್ದರೆ ಇರೋದೇ ಸಾಕು, ಆ ದುಡ್ಡಿಗೆ ಗೊಬ್ಬರ ತನ್ನಿ. ಭಾವ, ನಿಮಗೂ ಇದೇ ಮಾತು.